ಎರಡನೆಯ ಹಾರ

ಬೆಳಿಗ್ಗೆ ಚಳ್ಳಕೆರೆಯ ತನ್ನ ಎಣ್ಣೆ ಅಂಗಡಿಯ ಶಟರ್ ಎತ್ತಿದಾಗಿನಿಂದ ಹಾಲೇಶಪ್ಪ ಒಂದೇ ಮಾತನ್ನು ಬಾಯೊಳಗೆ ಹೊರಳಿಸುತ್ತಿದ್ದ. ಬಂದ್ರೆ ಜಾಗ ಇರ್ಬೇಕಲ್ಲ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಆಡಬಹುದಾದ ಮಾತು. ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಹಿಂಡಿ ಮೂಟೆ ಇಳಿಸುವ ಹಮಾಲರಿಗೆ ಗೋಡೌನಿನ ಬಾಗಿಲಲ್ಲಿ ನಿಂತು, ಅವನೇ ಎಷ್ಟು ಸಲ ಆಡಿದ್ದನೋ. ಆದರೆ ಇವತ್ತು ಸಂಜೆ ಮೊಳಕಾಲ್ಮೂರಿನಲ್ಲಿ ದೀಪದ ಕೆಳಗೆ ಒಂದು ಬೆಂಚಿನ ಮೇಲೆ ಕೂತು ಆಡಬೇಕು ಎಂದು ನೆನೆದ ಕೂಡಲೇ ಅದು ಯಾರದೋ ಹಲ್ಲುಸೆಟ್ಟನ್ನು ಬಾಯಿಗಿಟ್ಟುಕೊಂಡಂತೆ ಅಲ್ಲಾಡತೊಡಗುತ್ತಿತ್ತು. ಒಮ್ಮೆ ಹೊಟ್ಟೆಯಿಂದ ಎಳೆದು ರಾಜಪಾರ್ಟಿನ ದನಿಯಲ್ಲಿ ಹೇಳಿ ನೋಡಿದ. ಸಾಲಾಗಿಟ್ಟಿದ್ದ ಎಣ್ಣೆ ಡಬ್ಬಗಳು ಸಣ್ಣಗೆ ಗುಂಯ್‌ಗುಟ್ಟಿದವು. ಇನ್ನೊಮ್ಮೆ ಸೀರೆ ಅಂಗಡಿಯವರಂತೆ ಮೆಲ್ಲಗೆ, ನಯವಾಗಿ ಹೇಳಿದ. ತನಗೇ ಸುಳ್ಳು ಅನ್ನಿಸಿತು. ಶೇಂಗಾ ಎಣ್ಣೆಗೆಂದು ಬಂದಿದ್ದ ದುರುಗಕ್ಕ ಕ್ಯಾನನ್ನು ಮುಂದಿಟ್ಟು ಅವನ ತುಟಿಯನ್ನೇ ನೋಡುತ್ತ ನಿಂತಳು.

"ಯಾಕಣ್ಣಾ, ಮಂತ್ರ ಏನಾರ ಹೇಳ್ಕಂತಿದೀಯಾ?"

"ಇಲ್ಲವ್ವ. ನಾಟಕದ ಮಾತು."

"ಯಾವ ರಾಜಂದು?"

"ರಾಜ ಅಲ್ಲ. ಬಸ್ಸಿಗೆ ಕಾಯೋನು."

ದುರುಗಕ್ಕ ತುಂಬಿದ ಕ್ಯಾನನ್ನು ಎಳೆದುಕೊಂಡಳು. "ಬಸ್ಸಿಗೆ ಕಾಯೋದ ನೋಡಾಕೂ ಜನ ಬರ್ತಾರಾ? ನಾನು ದಿನಾ ಕಾಯ್ತೀನಿ, ಒಬ್ಬನೂ ನೋಡಲ್ಲ" ಎಂದು ಕ್ಯಾನಿನ ಮುಚ್ಚಳವನ್ನು ಬಿಗಿ ಮಾಡಿಕೊಂಡು ಹೋದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮೊದಲ ದಿನ ಅವನೂ ಅದನ್ನೇ ಕೇಳಿದ್ದ. ಕಾಲೇಜಿನಲ್ಲಿ ಪಾಠ ಮಾಡುವ ತೇಜಶ್ರೀ ತಾನೇ ಬರೆದ ಏಕಾಂಕವನ್ನು ಹಾಳೆ ಹಾಳೆಯಾಗಿ ಓದಿ ಮುಗಿಸಿ ತಲೆಯೆತ್ತಿದಾಗ, ಮುಂದಿನ ಅಂಕ ನಾಳೆ ಓದುತ್ತಾಳೇನೋ ಅಂದುಕೊಂಡು ಅವನು ಕೈಕಟ್ಟಿ ಕೂತೇ ಇದ್ದ. ಬೈಪಾಸು ಆದಮೇಲೆ ಬಸ್ಸುಗಳು ಒಳಗೆ ಬರುವುದನ್ನೇ ಬಿಟ್ಟ ಒಂದು ಸಣ್ಣ ಊರು. ಅಲ್ಲಿನ ಹಳೇ ಬಸ್ ಸ್ಟ್ಯಾಂಡಿನಲ್ಲಿ ಉಳಿದಿರುವ ಒಂದೇ ಬೆಂಚು. ದಿನಾ ಸಂಜೆ ಒಬ್ಬ ಮನುಷ್ಯ ಬಂದು ಅದರ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಗೆ ತನ್ನ ಟವೆಲ್ ಹಾಸುತ್ತಾನೆ. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದಿಲ್ಲವೇ, ಹಾಗೆ, ಯಾರಿಗೋ ಜಾಗ ಹಿಡಿದಂತೆ. ಟೀ ಮಾರುವವನು ಕೇಳುತ್ತಾನೆ, ಕಸ ಗುಡಿಸುವವಳು ಕೇಳುತ್ತಾಳೆ. ಅವನು ಬೇರೆ ಏನೋ ಮಾತಾಡಿ ನಗಿಸಿ ಕಳಿಸುತ್ತಾನೆ. ಕೊನೆಗೆ ಬೆಂಚು ಕಿತ್ತುಹಾಕಲು ಬಂದ ಹುಡುಗನೊಬ್ಬ, ಬಸ್ಸೂ ಬರಲ್ಲ, ಯಾರೂ ಬರಲ್ಲ, ಟವೆಲ್ ಯಾಕೆ ಹಾಸಿದೀರಿ ಎಂದು ಕೇಳುತ್ತಾನೆ. ದೀರ್ಘ ಮೌನ. ಆಮೇಲೆ ಆ ಮೂರು ಪದ. ದೀಪ ಆರುತ್ತದೆ.

"ಅಷ್ಟೇನಾ?" ಎಂದಿದ್ದ ಹಾಲೇಶಪ್ಪ.

"ಅಷ್ಟೇ ಸರ್."

"ಕೊನೆಗೆ ಬಸ್ಸು ಬರ್ತೈತಾ?"

"ಇಲ್ಲ."

"ಆ ಮನುಷ್ಯ ಸಾಯ್ತಾನಾ?"

"ಸಾಯಲ್ಲ ಸರ್. ನಾಳೆ ಮತ್ತೆ ಬಂದು ಕೂರ್ತಾನೆ."

"ಮತ್ತೆ ಇದ್ರಾಗೆ ನಾಟಕ ಎಲ್ಲೈತಮ್ಮ?"

ತೇಜಶ್ರೀ ನಕ್ಕಿದ್ದಳು. ಸಿಟ್ಟು ಮಾಡಿಕೊಳ್ಳುವ ಹುಡುಗಿಯಲ್ಲ. ಹಾಗೆ ನೋಡಿದರೆ ಅವನು ಈ ಪಾತ್ರಕ್ಕೆ ಒಪ್ಪಿದ್ದೇ ಅವಳು ಆಡಿದ ಒಂದು ಮಾತಿಗೆ. ಎಣ್ಣೆಗೆಂದು ಅಂಗಡಿಗೆ ಬಂದವಳು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅವನನ್ನು ನೋಡಿ, ನೀವು ಕೂರೋದು ಚೆನ್ನಾಗಿದೆ ಸರ್ ಅಂದಿದ್ದಳು. ಹರೆಯದಿಂದ ತನ್ನ ಹಳ್ಳಿ ನನ್ನಿವಾಳದ ಬಯಲಿನಲ್ಲಿ ಕಿರೀಟ ಹೊತ್ತವನು ಅವನು. ಅವನ ನಡಿಗೆಯನ್ನು ಹೊಗಳಿದವರಿದ್ದರು, ಗದೆ ತಿರುಗಿಸುವುದನ್ನು ಹೊಗಳಿದವರಿದ್ದರು, ಮೈಕಿಲ್ಲದೆ ಪಕ್ಕದ ಹಳ್ಳಿಗೆ ಕೇಳುವ ಗಂಟಲನ್ನಂತೂ ಹೊಗಳದವರೇ ಇರಲಿಲ್ಲ. ಬರೀ ಕೂತಿದ್ದಕ್ಕೆ ಯಾರೂ ಹೊಗಳಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಾನು ಹೇಗೆ ಕೂತಿದ್ದೇನೆ ಎಂದು ಎರಡು ಮೂರು ಸಲ ಬಗ್ಗಿ ನೋಡಿಕೊಂಡಿದ್ದ. ಹೆಂಡತಿ ಗಂಗಾಂಬಿಕಾ, ಇರುವೆ ಹತ್ತಿದಾವೇನ್ರೀ ಎಂದು ಕೇಳಿದ್ದಳು.

ಕೂರುವುದೇನೋ ಬಂತು. ಮೌನವೂ ಹೇಗೋ ಬಂತು. ಒಳಗೇ ಅಂಕಿ ಎಣಿಸುತ್ತ ಕೂತಿರುತ್ತಿದ್ದ, ಎಣಿಸಬೇಡಿ ಸರ್ ಕಣ್ಣಲ್ಲಿ ಕಾಣತ್ತೆ ಎಂದು ತೇಜಶ್ರೀ ಅನ್ನುತ್ತಿದ್ದಳು. ಬಾರದೆ ಉಳಿದದ್ದು ಆ ಮಾತೊಂದೇ. ನಿನ್ನೆ ಸಂಜೆಯ ತಾಲೀಮಿನಲ್ಲಿ ಅವನು ಅದನ್ನು ಹೇಳಿದ ಮೇಲೆ ಅವಳು ಬಹಳ ಹೊತ್ತು ಪೆನ್ನಿನ ಕ್ಯಾಪನ್ನು ಕಚ್ಚುತ್ತ ನಿಂತಿದ್ದಳು. ಆಮೇಲೆ ಅವನಿಗೆ ನೋವಾಗದಂತೆ ತೂಗಿ ತೂಗಿ ಆಡಿದಳು: "ಸರ್, ಒಂದು ಕೆಲಸ ಮಾಡೋಣ. ಅರ್ಥ ಆಗದೆ ಹೇಳೋದು ಬೇಡ. ನಾಳೆ ಆ ಜಾಗಕ್ಕೆ ಬಂದಾಗ ನಿಮಗೆ ಮಾತು ತಾನಾಗಿ ಬಂತಾ, ಹೇಳಿ. ಬರಲಿಲ್ವಾ, ಸುಮ್ಮನೆ ಕೂತಿರಿ. ದೀಪದವರಿಗೆ ಹೇಳಿದೀನಿ, ನಿಧಾನಕ್ಕೆ ಆರಿಸ್ತಾರೆ. ಹಾಗೂ ನಡಿಯತ್ತೆ." ಹಾಗೂ ನಡಿಯತ್ತೆ! ಮುಖ್ಯಪಾತ್ರದವನ ಕೊನೆಯ ಮಾತನ್ನು ಕಿತ್ತುಕೊಂಡರೂ ನಾಟಕ ನಡೆಯುತ್ತದೆ ಎಂದರೆ ಅವನು ಇದ್ದೂ ಏನು. ಬೆಂಚಿನಂತೆ ಅವನೂ ಒಂದು ಸಾಮಾನು. ತಕ್ಕಡಿಯ ಮೇಲೆ ಹಿಂಡಿಯ ತುಂಡೊಂದನ್ನು ಇಟ್ಟು ತೆಗೆದು ಇಟ್ಟು ತೆಗೆದು ಮಾಡುತ್ತ ಹಾಲೇಶಪ್ಪ ಮತ್ತೆ ಮೊದಲಿಂದ ಶುರು ಮಾಡಿದ. ಬರಲ್ಲ ಅಂತ ಗೊತ್ತಿದ್ದ ಮೇಲೆ ಜಾಗ ಯಾಕೆ ಹಿಡೀತಾನೆ? ಗೊತ್ತಿಲ್ಲದಿದ್ದರೆ ಅವನು ಪೆದ್ದ. ಗೊತ್ತಿದ್ದೂ ಹಿಡಿದರೆ ಹುಚ್ಚ. ಪೆದ್ದನೂ ಅಲ್ಲ ಹುಚ್ಚನೂ ಅಲ್ಲ ಅನ್ನುತ್ತಾಳೆ ಹುಡುಗಿ. ಹಾಗಾದರೆ ಉಳಿದದ್ದೇನು?

ಕೊಂಡ್ಲಹಳ್ಳಿಯ ಯರ್ರಪ್ಪನ ಲಗೇಜ್ ಆಟೋ ಅಂಗಡಿಯ ಮುಂದೆ ಬಂದು ನಿಂತಾಗ ಹಾಲೇಶಪ್ಪನ ಎದೆ ಸಣ್ಣಗೆ ಹಾರಿತು. ಯರ್ರಪ್ಪ ಎಮ್ಮೆಗಳಿಗೆ ಹಿಂಡಿ ಒಯ್ಯುವ ಹಳೆಯ ಗಿರಾಕಿ. ಅಷ್ಟೇ ಆಗಿದ್ದರೆ ಹಾರುವ ಕಾರಣವಿರಲಿಲ್ಲ. ಅವನ ಮನೆ ಕೊಂಡ್ಲಹಳ್ಳಿಯಲ್ಲಿ ಹಾಲೇಶಪ್ಪನ ಅಕ್ಕ ತಿಪ್ಪೇರುದ್ರಮ್ಮನ ಮನೆಯ ಎದುರಿಗೇ ಇತ್ತು.

"ಸಾವ್ಕಾರ್ರೆ, ಮೊಳಕಾಲ್ಮೂರಾಗೆ ಗ್ವಾಡೆ ತುಂಬ ನಿಮ್ಮ ಮಕ ಐತಲ್ರೀ" ಎಂದ ಯರ್ರಪ್ಪ ಇಳಿಯುತ್ತಲೇ. "ನಿಮ್ಮಕ್ಕಾರು ನೋಡಿದ್ರೆ ನಾಟ್ಕ ನಿಂತೋತಂತೆ ಅಂತಾರೆ."

"ಅದು... ಪೋಸ್ಟರು ಮೊದ್ಲೇ ಅಚ್ಚಾಗಿತ್ತು."

"ನಿಂತೈತಾ ಹಂಗಾರೆ?"

"ನಿಂತಂಗೇ."

"ಹಂಗಾ." ಯರ್ರಪ್ಪ ಗೂಟಕ್ಕೆ ನೇತುಹಾಕಿದ್ದ ಚೀಲವನ್ನು ನೋಡಿದ. ಅದರಿಂದ ಇಸ್ತ್ರಿ ಮಾಡದ ಒಂದು ಅಂಗಿ, ಕೆಂಪಂಚಿನ ಟವೆಲ್ಲು ಇಣುಕುತ್ತಿದ್ದವು. ಆಮೇಲೆ ಹಾಲೇಶಪ್ಪನ ಗದ್ದ ನೋಡಿದ. "ಮತ್ತೆ ಗಡ್ಡ ಯಾಕೆ ಬಿಟ್ಟೀರಿ?"

"ಬ್ಲೇಡು ಸಿಗಲಿಲ್ಲ."

"ಚಳ್ಳಕೆರೆಯಾಗೆ ಬ್ಲೇಡು ಸಿಗಲಿಲ್ಲ" ಎಂದು ಯರ್ರಪ್ಪ ಗಂಭೀರವಾಗಿ ತಲೆಯಾಡಿಸಿದ. "ಕಾಲ ಕೆಟ್ಟೋತು ಬಿಡ್ರಿ." ಮೂಟೆಯನ್ನು ಬೆನ್ನಿಗೇರಿಸಿಕೊಂಡು ಹೊರಟವನು ಆಟೋ ಸ್ಟಾರ್ಟ್ ಮಾಡಿ, ಒಂದು ಸಲ ಹಿಂತಿರುಗಿ ನೋಡಿ ಹೋದ.

ಅಕ್ಕನಿಗೆ ಸುಳ್ಳು ಹೇಳಬೇಕೆಂದು ಅವನೇನೂ ಕೂತು ಯೋಚಿಸಿರಲಿಲ್ಲ. ಎಲ್ಲವೂ ತಾಲೀಮಿನ ಬಿಡುವಿನಲ್ಲಿ ಟೀ ಕುಡಿಯುವಾಗ ನಡೆದುಹೋಗಿತ್ತು. ಬೆಂಚು ಕೀಳಲು ಬರುವ ಹುಡುಗನ ಪಾತ್ರದ ಅಂಜನ್, ನಿಮ್ಮ ಹಳ್ಳಿ ನಾಟಕದ ಕಥೆ ಹೇಳಿ ಅಂಕಲ್ ಎಂದ. ಹಾಲೇಶಪ್ಪ ಹುರುಪಿನಿಂದ ಹೇಳಿದ: ರಾಜ ಯುದ್ಧಕ್ಕೆ ಹೊರಟು ಕತ್ತಿ ಎತ್ತಿದಾಗ ಅವನ ಮಾವನ ಮನೆಯವರು ರಂಗಕ್ಕೆ ಹತ್ತಿ ಹಾರ ಹಾಕುವುದು, ಶತ್ರುರಾಜ ಅಷ್ಟೂ ಹೊತ್ತು ಎತ್ತಿದ ಗದೆಯನ್ನು ಹಾಗೇ ಹಿಡಿದು ಕಾಯುವುದು, ಹಾರ ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗಿದ ಮೇಲೆಯೇ ಯುದ್ಧ ಮುಂದುವರಿಯುವುದು. ಹುಡುಗರು ಬಿದ್ದು ಬಿದ್ದು ನಕ್ಕರು. ನಗು ಸಿಕ್ಕಿದ ಖುಷಿಯಲ್ಲಿ ಅವನು ಅಕ್ಕನನ್ನೂ ತಂದ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವುದು, ಕಿರೀಟಕ್ಕೆ ಸಿಕ್ಕಿಕೊಂಡ ಹಾರವನ್ನು ಬಿಡಿಸಲಾಗದೆ ರಾಜನನ್ನೇ ಬೈಯುವುದು. ಎದ್ದು ನಿಂತು ಅಕ್ಕನ ನಡಿಗೆ ಮಾಡಿಯೂ ತೋರಿಸಿದ. ಅಂಜನ್‌ನ ಕಣ್ಣಲ್ಲಿ ನೀರು ಬಂತು. ನಗದೆ ಇದ್ದವಳು ತೇಜಶ್ರೀ ಒಬ್ಬಳೇ. ನಮ್ಮ ನಾಟಕದಲ್ಲಿ ಮಧ್ಯೆ ಯಾರೂ ಹತ್ತಬಾರದು ಸರ್, ದಯವಿಟ್ಟು ಮನೆಯವರಿಗೆ ಹೇಳಿರಿ ಎಂದಷ್ಟೇ ಅಂದಳು. ಅಂದು ಮನೆಗೆ ಹೋಗುವ ದಾರಿಯಲ್ಲಿ ಟೀಯ ರುಚಿ ಬಾಯಲ್ಲಿ ಕಹಿಯಾಗಿ ಉಳಿದಿತ್ತು. ಅಕ್ಕನ ಫೋನು ಬಂದಾಗ ಬಾಯಿ ತಾನಾಗಿಯೇ ಹೇಳಿತು: ನಾಟಕ ನಿಂತೋತಕ್ಕ. ಅಯ್ಯೋ ಪಾಪ, ಅಷ್ಟು ಕಲ್ತಿದ್ದೆಲ್ಲೋ, ಹೋಗ್ಲಿ ಬಿಡು ಬ್ಯಾಸರ ಮಾಡ್ಕಬ್ಯಾಡ ಎಂದು ಅವಳೇ ಇವನನ್ನು ಸಮಾಧಾನ ಮಾಡಿದ್ದಳು.

ಅವನು ಹುಡುಗರಿಗೆ ಹೇಳದೆ ಬಿಟ್ಟದ್ದು ಒಂದಿತ್ತು. ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ, ಮೊದಲ ಸಲ ಬಣ್ಣ ಹಚ್ಚಿದ ರಾತ್ರಿ, ರಂಗದ ನಡುವೆ ನಿಂತವನಿಗೆ ಮಾತು ಮರೆತುಹೋಗಿತ್ತು. ಪದ್ಯ ಮುಗಿದು ಮಾತು ಬರಬೇಕಾದ ಕಡೆ ತಲೆಯೊಳಗೆ ಬರೀ ಬಿಳಿ. ಹಾರ್ಮೋನಿಯಂ ಮಾಸ್ತರು ಅದೇ ಸ್ವರವನ್ನು ಸುತ್ತಿ ಸುತ್ತಿ ನುಡಿಸುತ್ತಿದ್ದರು. ಪರದೆಯ ಮರೆಯಲ್ಲಿ ಮಾತು ಎತ್ತಿಕೊಡುವವನು ಪಿಸುಗುಡುತ್ತಿದ್ದ, ಕೇಳಿಸುತ್ತಿರಲಿಲ್ಲ. ಆಗ ಹೆಂಗಸರ ಸಾಲಿನಿಂದ ಅಕ್ಕ ಎದ್ದಳು. ಒಮ್ಮೆ ಹಾಕಿಯಾಗಿತ್ತು ಹಾರ. ಆದರೂ ಇನ್ನೊಂದನ್ನು ಹಿಡಿದು ಸೆರಗು ಸರಿಮಾಡಿಕೊಳ್ಳುತ್ತ ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಮೆಟ್ಟಿಲು ಹತ್ತಿದಳು. ಹಾರ ಹಾಕುವ ನೆಪದಲ್ಲಿ ಅವನನ್ನು ಪರದೆಯ ಕಡೆಗೆ ಎರಡು ಹೆಜ್ಜೆ ತಳ್ಳಿ, ಎಂಜಲು ನುಂಗ್ಲಾ ಎಂದಳು. ನುಂಗಿದ. ಮಾತು ಕೇಳಿಸಿತು. ಕೆಳಗೆ ಕೂತಿದ್ದ ಸಾವಿರ ಜನಕ್ಕೆ ಏನೂ ತಿಳಿಯಲಿಲ್ಲ. ಅಕ್ಕನಿಗೆ ತಮ್ಮನ ಮೇಲೆ ಎಷ್ಟು ಆಸೆ ನೋಡು, ಎರಡು ಹಾರ ಹಾಕಿದಳು ಅಂದುಕೊಂಡರು. ಅಲ್ಲಿಂದ ಮುಂದೆ ಅವನ ಪ್ರತಿ ನಾಟಕಕ್ಕೂ ಅವಳು ಎರಡು ಹಾರ ಕಟ್ಟಿ ತರುತ್ತಿದ್ದಳು. ಒಂದು ಪ್ರವೇಶಕ್ಕೆ. ಇನ್ನೊಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇರುತ್ತಿತ್ತು, ಮರೆತರೆ ಇರಲಿ ಎಂದು. ಮರೆಯದೆ ನಾಟಕ ಮುಗಿದರೆ ಬೆಳಿಗ್ಗೆ ಅದು ಬಸವಣ್ಣನ ಗುಡಿಗೆ. ಬಸವಣ್ಣನಿಗೆ ಬಹಳ ಹಾರ ಸಿಕ್ಕವು. ಆ ರಾತ್ರಿಯ ಮೇಲೆ ಹಾಲೇಶಪ್ಪ ಎಂದೂ ಮಾತು ಮರೆಯಲಿಲ್ಲ.

ಮಧ್ಯಾಹ್ನ ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರು ಬಸ್ಸು ನಿಲ್ಲುವ ಮೊದಲೇ ಜನ ಅದಕ್ಕೆ ಅಂಟಿಕೊಂಡಿದ್ದರು. ತೇಜಶ್ರೀ, ಅಂಜನ್ ಎಲ್ಲ ಬೆಂಚು ಹೇರಿಕೊಂಡು ಟೆಂಪೋದಲ್ಲಿ ಆಗಲೇ ಹೋಗಿದ್ದರು. "ನೋಡ್ತಾ ನಿಂತ್ರಲ್ಲ, ಟವೆಲ್ ಒಗೀರಿ" ಎಂದಳು ಗಂಗಾಂಬಿಕಾ.

"ಇದು ನಾಟಕದ್ದು ಕಣೇ."

"ನಾಟಕದಾಗೂ ಇದೇ ಕೆಲ್ಸ ತಾನೇ ಅದು ಮಾಡೋದು?" ಅವಳೇ ಅವನ ಹೆಗಲಿಂದ ಟವೆಲ್ ಕಿತ್ತು ಕಿಟಕಿಯೊಳಕ್ಕೆ ಒಗೆದಳು. ಸೀಟು ಸಿಕ್ಕಿತು. ತಳಕು ಊರು ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನಿಮ್ಮಕ್ಕಂಗೆ ಏನಂತ ಹೇಳಿದ್ರಿ?"

"ಏನಿಲ್ಲ."

"ಏನಿಲ್ಲ ಅಂತ ಹೇಳಿದ್ರಾ, ಏನೂ ಹೇಳ್ಲಿಲ್ವಾ?"

ಅವನು ಟವೆಲ್ಲಿನ ಧೂಳು ಕೊಡವಿದ. ಹೊರಗೆ ಕಿತ್ತ ಶೇಂಗಾ ಬಳ್ಳಿಗಳನ್ನು ಗುಡ್ಡೆ ಹಾಕಿದ ಹೊಲಗಳು, ದೂರದಲ್ಲಿ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ಹಿಂದೆ ಹೋಗುತ್ತಿದ್ದವು. ಕೊಂಡ್ಲಹಳ್ಳಿಯ ನಿಲ್ದಾಣ ಬಂದಾಗ ಹಾಲೇಶಪ್ಪ ಬಿಸಿಲಿಗೆಂಬಂತೆ ಟವೆಲ್ಲನ್ನು ಮುಖಕ್ಕೆ ಹೊದ್ದುಕೊಂಡು ಸೀಟಿನಲ್ಲಿ ಕೆಳಕ್ಕೆ ಜಾರಿದ. ರಾಜನಾಗಿ ಎದೆಯುಬ್ಬಿಸಿ ಮೆರೆದವನು ಅಕ್ಕನ ಊರಿನಲ್ಲಿ ಕಳ್ಳನಂತೆ ಉಸಿರು ಹಿಡಿದು ಕೂತಿದ್ದ. ಬಟ್ಟೆಯ ಒಳಗೆ ಶೇಂಗಾ ಎಣ್ಣೆಯ ವಾಸನೆ, ತನ್ನದೇ ಬಿಸಿಯುಸಿರು. ಯಾರೋ ಹತ್ತಿದರು, ಯಾರೋ ಇಳಿದರು, ಕಂಡಕ್ಟರ್ ಯಾರಿಗೋ ತೆಲುಗಿನಲ್ಲಿ ತಮಾಷೆ ಮಾಡಿದ. "ಮಕ ಮುಚ್ಕಂಡ್ರೆ ಹೊಟ್ಟೆ ಕಾಣಲ್ವಾ?" ಎಂದು ಗಂಗಾಂಬಿಕಾ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಈ ಹೊಟ್ಟೆ ಇಡೀ ಕೊಂಡ್ಲಹಳ್ಳಿಗೆ ಗೊತ್ತೈತೆ." ಬಸ್ಸು ಹೊರಟ ಮೇಲೂ ಅವನು ಸ್ವಲ್ಪ ದೂರ ಟವೆಲ್ ತೆಗೆಯಲಿಲ್ಲ. ನಗು ಬರುತ್ತಿತ್ತು, ಅದರ ಹಿಂದೆಯೇ ಇನ್ನೇನೋ ಬರುತ್ತಿತ್ತು.

ಮೊಳಕಾಲ್ಮೂರಿನ ಬಂಡೆಗುಡ್ಡಗಳ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ನೇಕಾರರ ಕೇರಿಯ ಸಮುದಾಯ ಭವನ ತುಂಬತೊಡಗಿತು. ಪಕ್ಕದ ಮನೆಯೊಂದರಲ್ಲಿ ಮಗ್ಗ ಇನ್ನೂ ಆಡುತ್ತಿತ್ತು, ಲಟಕ್ ಲಟಕ್ ಎಂದು. ನಾಟಕ ಶುರುವಾಗುವ ಮುನ್ನ ಅಂಜನ್ ಹೋಗಿ ಕೈಮುಗಿದು ನಿಲ್ಲಿಸಿ ಬಂದ. ನೇಯುತ್ತಿದ್ದವನು ತಾನೂ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತ. ಹಾರ್ಮೋನಿಯಂ ಇಲ್ಲ, ಪರದೆ ಇಲ್ಲ, ಮಾತು ಎತ್ತಿಕೊಡುವವನು ಇಲ್ಲ. ಒಂದು ಬೆಂಚು. ಹಾಲೇಶಪ್ಪ ಅದರ ತುದಿಯಲ್ಲಿ ಕೂತು ಟವೆಲ್ ಹಾಸಿದಾಗಲೇ ಎಲ್ಲೋ ಒಬ್ಬರು, ಸೀಟು ಹಿಡ್ದ ನೋಡು ಎಂದು ನಕ್ಕರು. ಅಲ್ಲಿಂದ ಎಲ್ಲ ಸರಾಗ. ಟೀ ಮಾರುವವನ ಜೊತೆಗಿನ ಮಾತಿಗೆ ಜನ ನಕ್ಕರು. ಕಸ ಗುಡಿಸುವವಳು ಬೈದಾಗ ಹೆಂಗಸರ ಕಡೆಯಿಂದ ಇನ್ನೂ ಎರಡು ಬೈಗುಳ ಸೇರಿಕೊಂಡವು. ದನಿ ಎತ್ತಬೇಕೆಂಬ ಆಸೆಯನ್ನು ಅವನು ಎರಡು ಸಲ ನುಂಗಿಕೊಂಡ. ನೋಡುನೋಡುತ್ತಿದ್ದಂತೆ ಅಂಜನ್ ಹಾರೆ ಹಿಡಿದು ಎದುರಿಗೆ ನಿಂತಿದ್ದ.

"ಬಸ್ಸೂ ಬರಲ್ಲ, ಯಾರೂ ಬರಲ್ಲ. ಟವೆಲ್ ಯಾಕೆ ಹಾಸಿದೀರಿ?"

ಹಾಲೇಶಪ್ಪ ಎಣಿಸಲಿಲ್ಲ. ಎಣಿಸುವುದು ಮರೆತೇಹೋಯಿತು. ಪಕ್ಕದಲ್ಲಿ ಹಾಸಿದ ಟವೆಲ್ಲನ್ನು ನೋಡಿದ. ಮಧ್ಯಾಹ್ನ ತನ್ನ ಮುಖ ಮುಚ್ಚಿದ್ದ ಬಟ್ಟೆ. ಮುಖದ ಅಚ್ಚು ಅದರಲ್ಲಿ ಇನ್ನೂ ಇದೆಯೇನೋ ಅನ್ನಿಸಿತು. ಯಾಕೆ ಹಾಸಿದೀಯೋ, ಮಗನೇ? ಯಾರು ಬರ್ತಾರೆ ಅಂತ? ಬರುವವಳಿಗೆ ನಿಂತೋತು ಅಂತ ಹೇಳಿ, ಬಾಗಿಲು ಹಾಕಿ, ಇಲ್ಲಿ ಬಂದು ಯಾರಿಗೋ ಜಾಗ ಹಿಡಿದು ಕೂತಿದ್ದೀಯಲ್ಲ. ಅವನಿಗೆ ಮಾತು ಗೊತ್ತಿತ್ತು. ಮೂರೂ ಪದ ನಾಲಿಗೆಯ ಮೇಲೆ ಸಾಲಾಗಿ ಕೂತಿದ್ದವು. ಆದರೆ ಈ ಬಾಯಲ್ಲಿ ಅದನ್ನು ಆಡುವುದು ಹೇಗೆ? ಎದುರಿಗೆ ಅಂಜನ್‌ನ ಕಣ್ಣು ಅಗಲವಾಗತೊಡಗಿತು. ಭವನದ ಫ್ಯಾನುಗಳ ಸದ್ದು ದೊಡ್ಡದಾಯಿತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ ತೆಲುಗಿನಲ್ಲಿ, "ಮರ್ಚಿಪೋಯಿನಾಡ್ರಾ" ಎಂದ, ಮರೆತುಬಿಟ್ಟನಲ್ಲೋ ಎಂದು. ಇಡೀ ಭವನಕ್ಕೆ ಕೇಳಿಸಿತು.

ಆಗ ಹಿಂದಿನ ಕತ್ತಲಲ್ಲಿ, ಬಾಗಿಲ ಹತ್ತಿರದಿಂದ ಯಾರೋ ಎದ್ದರು.

ಮೊದಲು ಬಳೆ ಕೇಳಿಸಿತು. ಆಮೇಲೆ ಮೊಣಕಾಲು ಹಿಡಿದು ನಡೆಯುವ, ಅವನು ಹುಡುಗರೆದುರು ಆಡಿ ತೋರಿಸಿದ್ದ ಅದೇ ನಡಿಗೆ. ಸಾಲುಗಳ ನಡುವೆ ಜನ ಕಾಲು ಮಡಚಿ ದಾರಿ ಬಿಟ್ಟರು. ಒದ್ದೆ ಬಟ್ಟೆಯ ಗಂಟನ್ನು ನಡೆಯುತ್ತಲೇ ಬಿಚ್ಚುತ್ತ, ಬೇಕೆಂದೇ ನಿಧಾನವಾಗಿ, ತಿಪ್ಪೇರುದ್ರಮ್ಮ ಮೆಟ್ಟಿಲು ಹತ್ತಿದಳು. ಪಕ್ಕದಲ್ಲಿ ನಿಂತಿದ್ದ ತೇಜಶ್ರೀಯ ಕೈ ದೀಪದವನ ಕಡೆಗೆ ಎದ್ದದ್ದು ಹಾಲೇಶಪ್ಪನಿಗೆ ಕಂಡಿತು. ಎದ್ದದ್ದು ಹಾಗೇ ಗಾಳಿಯಲ್ಲಿ ನಿಂತದ್ದೂ ಕಂಡಿತು. ಅಕ್ಕ ಸೇವಂತಿಗೆಯ ಹಾರವನ್ನು ಅವನ ಕೊರಳಿಗೆ ಹಾಕಿದಳು. ಕಿರೀಟವಿಲ್ಲದ ತಲೆಗೆ ಅದು ಸಲೀಸಾಗಿ ಇಳಿಯಿತು. "ಎಂಜಲು ನುಂಗ್ಲಾ" ಎಂದಳು ಅವನಿಗಷ್ಟೇ ಕೇಳುವಂತೆ. ಆಮೇಲೆ ಮಾತು ಎತ್ತಿಕೊಡುವವನಿಗಾಗಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಯಾರೂ ಇರಲಿಲ್ಲ. ಹಾರೆ ಹಿಡಿದು ಬಾಯಿ ತೆರೆದು ನಿಂತ ಹುಡುಗನೊಬ್ಬನೇ ಇದ್ದ. ಇಷ್ಟು ಹತ್ತಿದ್ದಕ್ಕೆ ಅವಳಿಗೆ ಏದುಸಿರು ಬಂದಿತ್ತು. "ಹೇಳ್ಕೊಡೋರು ಯಾರೂ ಇಲ್ವಲ್ಲೋ, ಇದ್ಯಾವ ಸೀಮೆ ನಾಟ್ಕ" ಎಂದು ಗೊಣಗುತ್ತ, ಬೆಂಚಿನ ಖಾಲಿ ತುದಿಯಲ್ಲಿ, ಹಾಸಿದ ಟವೆಲ್ಲಿನ ಮೇಲೆ, ಬಸ್ಸಿನಲ್ಲಿ ಕೂರುವಂತೆ ಉಶ್ಶೆಂದು ಕೂತಳು. ಕೂತ ಮೇಲೆ ಅಂಗೈಯಿಂದ ಕೆಳಗಿನ ಬಟ್ಟೆಯನ್ನು ಮುಟ್ಟಿ ನೋಡಿದಳು. "ನೀನ್ಯಾಕೆ ಹಾಸಿದ್ದೆ ಇದನ್ನ?"

ಹಾಲೇಶಪ್ಪ ನುಂಗಿದ.

"ಬಂದ್ರೆ ಜಾಗ ಇರ್ಬೇಕಲ್ಲ" ಎಂದ, ಅವಳಿಗೆ.

"ಹೂಂ ಮತ್ತೆ" ಎಂದಳು ಅಕ್ಕ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ.

ದೀಪ ನಿಧಾನವಾಗಿ ಆರಿತು. ಕತ್ತಲಲ್ಲಿ ಮುಂದಿನ ಸಾಲಿನ ನೇಕಾರ ಚಪ್ಪಾಳೆ ಶುರು ಮಾಡಿದ. ಚಪ್ಪಾಳೆಯ ನಡುವೆ ಅಕ್ಕ ಅವನ ತೋಳನ್ನು ಮುಟ್ಟಿ, ಕರೆಂಟ್ ಹೋತಾ ಎಂದು ಕೇಳಿದಳು.

ಒಳಗೆ ತೇಜಶ್ರೀ ಅವಳಿಗೆ ನೀರು ತಂದುಕೊಟ್ಟಳು. ಹುಡುಗಿಯ ಮುಖದಲ್ಲಿ ಸಿಟ್ಟೋ ನಗುವೋ ಇನ್ನೂ ತೀರ್ಮಾನವಾಗಿರಲಿಲ್ಲ. "ತಪ್ಪಾತವ್ವ" ಎಂದಳು ಅಕ್ಕ. "ಹಾರ ಬ್ಯಾಡ ಅಂತ ಬಾಗ್ಲಾಗೇ ಹೇಳಿದ್ರು. ಸುಮ್ನೇ ಕುಂತಿದ್ದೆ. ಮರ್ತುಬಿಟ್ಟ ಅಂದ್ಕಂಡೆ."

"ಮರ್ತಿರಲಿಲ್ಲ ಅಮ್ಮ. ಅದು ಮೌನ."

"ಮೌನನಾ? ನಾಟ್ಕದಾಗೆ ಯಾಕವ್ವ ಮೌನ? ಮನ್ಯಾಗೇ ಬೇಕಾದಷ್ಟು ಐತಲ್ಲ."

ತೀರ್ಮಾನವಾಯಿತು, ತೇಜಶ್ರೀ ನಕ್ಕುಬಿಟ್ಟಳು. ಆಮೇಲೆ ಹಾಲೇಶಪ್ಪನ ಕಡೆ ತಿರುಗಿ, ಮೇಡಮ್ಮಾಗಿ, ಹೇಳಿದಳು: "ನನ್ನ ನಾಟಕದಲ್ಲಿ ಯಾರೂ ಬರಲ್ಲ ಸರ್. ಚಳ್ಳಕೆರೆ ಶೋನಲ್ಲಿ ಬೆಂಚು ಖಾಲಿಯೇ ಇರಬೇಕು. ಆದರೆ ಮಾತು ಇವತ್ತು ಹೇಳಿದ ಹಾಗೇ ಹೇಳಬೇಕು."

"ಹೆಂಗೆ ಹೇಳಿದೆ?"

"ಹಾಗೇ."

ಅಂಜನ್ ಬಂದು ತಿಪ್ಪೇರುದ್ರಮ್ಮನ ಎದುರು ನಿಂತ. ಅವಳು ಚೀಲದಿಂದ ಇನ್ನೊಂದು ಹಾರ ತೆಗೆದಳು, ಪ್ರವೇಶದ್ದು, ಬಾಗಿಲಲ್ಲಿ ತಡೆದದ್ದು. "ಬಗ್ಗಪ್ಪ. ಬಾಳ ಹೊತ್ತು ಹಾರೆ ಹಿಡ್ಕಂಡು ನಿಂತಿದ್ದೆ" ಎಂದಳು. ಅವನು ಬಗ್ಗಿದ, ಆಮೇಲೆ ಟೆಂಪೋಗೆ ಬೆಂಚು ಹೇರುವಾಗಲೂ ತೆಗೆಯಲಿಲ್ಲ.

ಕೊಂಡ್ಲಹಳ್ಳಿಯ ಮೇಲೆ ಚಳ್ಳಕೆರೆಗೆ ಹೋಗುವ ಬಸ್ಸಿಗೆ ಮೂವರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ದಾರಿಯ ಗೋಡೆ ಗೋಡೆಯ ಮೇಲೂ ಗಡ್ಡ ಬಿಟ್ಟ ಹಾಲೇಶಪ್ಪ. ನಿಲ್ಲಿಸಿದ್ದ ಮಗ್ಗ ಹಿಂದೆ ಎಲ್ಲೋ ಮತ್ತೆ ಲಟಕ್ ಲಟಕ್ ಅನ್ನತೊಡಗಿತ್ತು. ಅಕ್ಕನಿಗೆ ಹೇಳಬೇಕಾದದ್ದನ್ನು ಅವನು ಮನಸ್ಸಿನಲ್ಲೇ ಮೂರು ನಾಲ್ಕು ರೀತಿ ಹೊಂದಿಸಿಕೊಳ್ಳುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು. "ಯರ್ರಪ್ಪ ಬಂದು ಹೇಳ್ದ, ನಾಟ್ಕ ನಿಂತೈತಂತೆ, ನಾಟ್ಕದೋರು ಮಾತ್ರ ಹೊಂಟವ್ರೆ ಅಂತ." ನಾಲ್ಕು ಹೆಜ್ಜೆ ನಡೆದು, "ಏನೇ ಅನ್ನು, ನಿಂತೋಗಿದ್ದ ನಾಟ್ಕ ಚೆನ್ನಾಗಿತ್ತು" ಎಂದಳು. ಗಂಗಾಂಬಿಕಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಸ್ಸು ತಿರುವಿನಲ್ಲಿ ಕಾಣಿಸಿತು. ಎಲ್ಲಿದ್ದರೋ ಅಷ್ಟು ಜನ, ಒಮ್ಮೆಗೇ ಅದರ ಹಿಂದೆ ಓಡಿದರು. ಹಾಲೇಶಪ್ಪ ಇಬ್ಬರನ್ನೂ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಮುಂದೆ ಓಡಿದ. ಕಿಟಕಿಯ ಕೆಳಗೆ ನಿಂತು ಹೆಗಲಿಗೆ ಕೈ ಹಾಕಿದರೆ ಟವೆಲ್ಲಿಲ್ಲ. ಬೆಂಚಿನ ಮೇಲೇ ಉಳಿದು ಟೆಂಪೋ ಹತ್ತಿ ಹೋಗಿತ್ತು. ಒಂದು ಗಳಿಗೆ ತಡವರಿಸಿದ. ಆಮೇಲೆ ಕೊರಳಿನ ಹಾರವನ್ನು ತೆಗೆದು, ಗುರಿಯಿಟ್ಟು, ಕಿಟಕಿಯೊಳಕ್ಕೆ ಒಗೆದ.

"ಯಾರ್ರೀ ಅದು ಸೀಟಿಗೆ ಹಾರ ಹಾಕಿದೋರು?" ಒಳಗಿನಿಂದ ಯಾರೋ ಕೂಗಿದರು. "ಪೂಜೆ ಮಾಡ್ತೀರಾ, ಕೂರ್ತೀರಾ? ಯಾರು ಬರ್ತಾರೆ ಇಲ್ಲಿ?"

ಹಾಲೇಶಪ್ಪ ಹಿಂತಿರುಗಿ ನೋಡಿದ. ಅಕ್ಕ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದವಳು, ಹೂವಿನ ಬುಟ್ಟಿಯವಳ ಮುಂದೆ ನಿಂತು ಸೇವಂತಿಗೆಯನ್ನು ಮುಟ್ಟಿ ಮೂಸಿ ಚೌಕಾಸಿಗೆ ಇಳಿದಿದ್ದಳು. ಗಂಗಾಂಬಿಕಾ ಅವಳ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಬಸ್ಸು ಹೊರಡುವ ಗಡಿಬಿಡಿ ಇಬ್ಬರಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

"ಬರ್ತಾರೆ" ಎಂದ ಹಾಲೇಶಪ್ಪ, ಹೊಟ್ಟೆಯಿಂದ ಎಳೆದು, ರಾಜಪಾರ್ಟಿನ ದನಿಯಲ್ಲೇ. ಬಸ್ಸಿನ ಗಾಜುಗಳು ಸಣ್ಣಗೆ ಗುಂಯ್‌ಗುಟ್ಟಿದವು.